ದೇವಶಾಸ್ತ್ರದಲ್ಲಿ ಡಾಕ್ಟರೇಟ್: ಕಾಲೇಜು ಆಮೇಲೆ, ಗೈಡ್ ಮೊದಲು

ದೇವಶಾಸ್ತ್ರದ ಪದವಿ ಬಿ.ಡಿ., ಸ್ನಾತಕೋತ್ತರ ಪದವಿ ಎಂ.ಟಿಎಚ್. ಮುಗಿಸಿ, ಒಂದಷ್ಟು ವರ್ಷ ಸಭೆಯ (ಚರ್ಚಿನ) ಸೇವೆಯಲ್ಲಿದ್ದು, ಈಗ ಡಾಕ್ಟರೇಟ್ ಮಾಡಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಕಾಲೇಜನ್ನು. ಕುಟುಂಬಕ್ಕೆ ಕ್ವಾರ್ಟರ್ಸ್ ಇದೆಯಾ, ಫೀಸು ಎಷ್ಟು, ಲೈಬ್ರರಿ ಹೇಗೆ, ನಮ್ಮ ಸಭಾಪ್ರಾಂತ್ಯದವರು (ಡಯಾಸಿಸ್) ಅಲ್ಲಿ ಯಾರಿದ್ದಾರೆ. ಗೈಡ್ ಯಾರಾಗುತ್ತಾರೆ ಎಂಬ ಪ್ರಶ್ನೆ ಬರುವುದು ಸೀಟು ಸಿಕ್ಕ ಮೇಲೆ. ಅಷ್ಟು ಹೊತ್ತಿಗೆ ಅದು ನಿಮ್ಮ ಕೈ ಮೀರಿರುತ್ತದೆ.

ದೊಡ್ಡ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಒಬ್ಬ ಗೈಡ್ ಹೋದರೆ ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬರು ಸಿಕ್ಕಾರು. ದೇವಶಾಸ್ತ್ರದ ಕಾಲೇಜಿನಲ್ಲಿ ಹಳೆ ಒಡಂಬಡಿಕೆಗೆ ಇಬ್ಬರು, ಸಭಾಚರಿತ್ರೆಗೆ ಒಬ್ಬರು, ಕ್ರೈಸ್ತ ನೀತಿಶಾಸ್ತ್ರಕ್ಕೆ ಒಬ್ಬರು ಎಂಬಂತೆ ಲೆಕ್ಕ. ಆ ಒಬ್ಬರು ಹೊರಟುಹೋದರೆ ನಿಮ್ಮ ವಿಷಯ ಅನಾಥವಾಗುತ್ತದೆ. ಹಾಗಾಗಿ ಯಾವ ಕಾಲೇಜು ದೊಡ್ಡದು ಎಂಬ ಚರ್ಚೆಯನ್ನು ಬದಿಗಿಟ್ಟು, ಕರ್ನಾಟಕದಿಂದ ಹೊರಡುವವರಿಗೆ ತೆರೆದಿರುವ ನಾಲ್ಕು ದಾರಿಗಳಲ್ಲಿ ಗೈಡ್ ಹೇಗೆ ಸಿಗುತ್ತಾರೆ, ಎಷ್ಟು ಕಾಲ ಉಳಿಯುತ್ತಾರೆ, ಅವರ ಮಾತಿಗೆ ಎಷ್ಟು ತೂಕ ಎಂಬುದನ್ನು ಇಲ್ಲಿ ಹೋಲಿಸಿದ್ದೇವೆ. ದೇವಶಾಸ್ತ್ರದ ಪದವಿ ಕೊಡುವ ಸೆರಾಂಪೂರ್ ಸೆನೆಟ್, ರೋಮಿನ ನಿಯಮದಂತೆ ನಡೆಯುವ ಕಥೋಲಿಕರ ಪೊಂಟಿಫಿಕಲ್ ಸಂಸ್ಥೆಗಳು, ಸರ್ಕಾರಿ ವಿಶ್ವವಿದ್ಯಾಲಯ, ಬ್ರಿಟನ್ನಿನ ಪಾರ್ಟ್‌ಟೈಮ್ ಪಿಎಚ್‌.ಡಿ. ಇವೇ ಆ ನಾಲ್ಕು.

ಅಧ್ಯಾಪಕರ ಪಟ್ಟಿಯನ್ನು ಓದುವ ಬಗೆ

ದಾರಿ ಯಾವುದಾದರೂ ಮೊದಲ ಕೆಲಸ ಒಂದೇ: ಪ್ರಾಸ್ಪೆಕ್ಟಸ್‌ನಲ್ಲಿರುವ ಅಧ್ಯಾಪಕರ ಪಟ್ಟಿಯನ್ನು ನಿಧಾನವಾಗಿ ಓದುವುದು. ಒಂದು ಸಾಲು ಹೀಗಿದೆ ಎಂದುಕೊಳ್ಳಿ: ‘ರೆವರೆಂಡ್ ಡಾಕ್ಟರ್ ಇಂಥವರು, ಬಿ.ಎ., ಬಿ.ಡಿ., ಎಂ.ಟಿಎಚ್. (ಹೊಸ ಒಡಂಬಡಿಕೆ), ಡಿ.ಟಿಎಚ್.; ಅಸೋಸಿಯೇಟ್ ಪ್ರೊಫೆಸರ್, ಕ್ರೈಸ್ತ ನೀತಿಶಾಸ್ತ್ರ; ರಿಜಿಸ್ಟ್ರಾರ್.’

ಎಂ.ಟಿಎಚ್. ಹೊಸ ಒಡಂಬಡಿಕೆಯಲ್ಲಿ, ಪಾಠ ನೀತಿಶಾಸ್ತ್ರದಲ್ಲಿ. ಸಣ್ಣ ಕಾಲೇಜುಗಳಲ್ಲಿ ಇದು ಸಾಮಾನ್ಯ. ಯಾರೋ ನಿವೃತ್ತರಾದರು, ಹುದ್ದೆ ಖಾಲಿ ಬಿತ್ತು, ಇದ್ದವರೇ ಹೊತ್ತುಕೊಂಡರು. ಪಾಠ ಮಾಡುವುದಕ್ಕೆ ತೊಂದರೆಯಿಲ್ಲ. ಆದರೆ ನೀತಿಶಾಸ್ತ್ರದಲ್ಲಿ ನಿಮ್ಮ ಮಹಾಪ್ರಬಂಧವನ್ನು ನಡೆಸಬೇಕಾದವರು ಆ ಕ್ಷೇತ್ರದಲ್ಲಿ ಒಂದು ಲೇಖನವನ್ನಾದರೂ ಬರೆದಿದ್ದಾರಾ ನೋಡಬೇಕು. ಅವರ ಡಾಕ್ಟರೇಟ್ ಯಾವ ವಿಷಯದ ಮೇಲೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ, ಕೇಳಿ ತಿಳಿಯಬೇಕು.

ಕೊನೆಯ ಪದ ರಿಜಿಸ್ಟ್ರಾರ್. ಪ್ರವೇಶ, ಪರೀಕ್ಷೆ, ಅಂಕಪಟ್ಟಿ, ಪರಿಶೀಲನಾ ತಂಡ ಬಂದರೆ ಅದರ ಕಡತ, ಎಲ್ಲವೂ ಅವರ ಮೇಜಿನ ಮೇಲೆ. ವರ್ಷದ ಆರಂಭದಲ್ಲೂ ಪರೀಕ್ಷೆಯ ತಿಂಗಳಲ್ಲೂ ನಿಮ್ಮ ಅಧ್ಯಾಯ ಆ ಕಡತಗಳ ಕೆಳಗೆ ಮಲಗಿರುತ್ತದೆ. ಪ್ರಾಂಶುಪಾಲರ ವಿಷಯದಲ್ಲಂತೂ ಇನ್ನೂ ಕಷ್ಟ. ಪ್ರಾಂಶುಪಾಲರೇ ಗೈಡ್ ಆಗಿ ಸಿಕ್ಕರು ಎಂದು ಖುಷಿಪಡುವವರು ಅವರ ಪ್ರಯಾಣದ ಡೈರಿಯನ್ನೊಮ್ಮೆ ನೋಡಲಿ.

ಮೊದಲ ಪದ ರೆವರೆಂಡ್. ಅಂದರೆ ಅವರ ಮೇಲೆ ಒಬ್ಬ ಬಿಷಪ್ ಇದ್ದಾರೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗಲಿ ಮೆಥಡಿಸ್ಟ್ ಆಗಲಿ, ಕಾಲೇಜಿನಲ್ಲಿ ಪಾಠ ಮಾಡುವ ಎಷ್ಟೋ ಸಭಾಪಾಲಕರು ಸಭೆಯಿಂದ ಒಂದು ಅವಧಿಗೆ ಕಳುಹಿಸಲ್ಪಟ್ಟವರು. ಅವಧಿ ಮುಗಿದಾಗ, ಅಥವಾ ಊರಿನಲ್ಲಿ ಆಳು ಬೇಕಾದಾಗ, ವರ್ಗಾವಣೆ ಪಟ್ಟಿಯಲ್ಲಿ ಹೆಸರು ಬರುತ್ತದೆ. ಕಥೋಲಿಕ ಧರ್ಮಸಭೆಗಳ (ಸನ್ಯಾಸಿ ಸಂಘಗಳ) ಗುರುಗಳಾದರೆ ಪ್ರೊವಿನ್ಶಿಯಲ್, ಅಂದರೆ ಸಂಘದ ಪ್ರಾಂತ್ಯದ ಮುಖ್ಯಸ್ಥರು, ಬದಲಾದಾಗ ಹುದ್ದೆಗಳೂ ಬದಲಾಗುತ್ತವೆ. ನಿಮ್ಮ ಗೈಡ್ ಇನ್ನೊಂದು ಊರಿನ ರೆಕ್ಟರ್ ಆಗಿ ಹೊರಡಬಹುದು. ಸಾಮಾನ್ಯ ವಿಶ್ವಾಸಿಗಳಾದ ಅಧ್ಯಾಪಕರಿಗೆ ಈ ವರ್ಗಾವಣೆ ಇಲ್ಲ, ಆದರೆ ಅವರಲ್ಲಿ ಕೆಲವರ ನೇಮಕ ಕರಾರಿನದ್ದು. ‘ಸರ್, ತಮ್ಮ ಈ ಅವಧಿ ಯಾವಾಗ ಮುಗಿಯುತ್ತದೆ?’ ಎಂದು ಕೇಳುವುದು ಮುಜುಗರ ಅನಿಸಿದರೂ ಕೇಳಲೇಬೇಕು. ಆಫೀಸಿನಲ್ಲಿ ಕೇಳಿದರೂ ಆದೀತು.

ಇನ್ನು ಪಟ್ಟಿಯ ಕೊನೆಯಲ್ಲಿ ‘ವಿಸಿಟಿಂಗ್’, ‘ಅಡ್ಜಂಕ್ಟ್’, ‘ಗೌರವ’ ಎಂಬ ಹಣೆಪಟ್ಟಿಯ ದೊಡ್ಡ ಹೆಸರುಗಳಿರುತ್ತವೆ. ಅವರಿಂದ ಪಟ್ಟಿಗೆ ಶೋಭೆ, ನಿಮಗೆ ಬಹುಪಾಲು ಉಪಯೋಗವಿಲ್ಲ. ‘ಅಧ್ಯಯನ ರಜೆಯಲ್ಲಿದ್ದಾರೆ’ ಎಂಬ ಟಿಪ್ಪಣಿಯನ್ನೂ ಎಣಿಸಿ. ಎಂಟು ಜನರಲ್ಲಿ ಇಬ್ಬರು ರಜೆಯಲ್ಲಿದ್ದರೆ ಅವರ ಪಾಠ ಉಳಿದ ಆರು ಜನರ ತಲೆಯ ಮೇಲೆ.

ಪಟ್ಟಿ ಹೇಳದಿದ್ದನ್ನು ಲೈಬ್ರರಿಯ ಕಪಾಟು ಹೇಳುತ್ತದೆ. ನೀವು ಬಯಸುವ ಗೈಡ್ ನಡೆಸಿದ ಮಹಾಪ್ರಬಂಧಗಳಲ್ಲಿ ನಾಲ್ಕೈದನ್ನು ತೆಗೆಸಿ. ಮೊದಲು ಕೃತಜ್ಞತೆಯ ಪುಟ. ‘ಆರಂಭದಲ್ಲಿ ಮಾರ್ಗದರ್ಶನ ಮಾಡಿದ...’, ‘ಆಮೇಲೆ ಹೊಣೆ ಹೊತ್ತ...’ ಎಂದು ಎರಡು ಹೆಸರಿದ್ದರೆ ನಡುವೆ ಏನೋ ಆಗಿದೆ. ಆಮೇಲೆ ಪರಿವಿಡಿ. ಐವರು ವಿದ್ಯಾರ್ಥಿಗಳು, ಐದು ವಿಷಯ, ಆದರೆ ಮೊದಲ ಎರಡು ಅಧ್ಯಾಯ ಒಂದೇ ಅಚ್ಚು ಎಂದಾದರೆ ಆ ಗೈಡ್ ಎಲ್ಲರನ್ನೂ ತಮ್ಮ ಚೌಕಟ್ಟಿಗೇ ಕೂರಿಸುತ್ತಾರೆ ಎಂದರ್ಥ. ಕೊನೆಗೆ ಗ್ರಂಥಋಣ. ಕರ್ನಾಟಕದ ಸಭೆಗಳ ಮೇಲಿನ ಪ್ರಬಂಧದಲ್ಲಿ ಕನ್ನಡದ ಆಕರ ಬೆರಳೆಣಿಕೆಯಷ್ಟೇ ಇದ್ದರೆ, ಅದನ್ನು ಒಪ್ಪಿಕೊಂಡ ಗೈಡ್ ನಿಮ್ಮಿಂದಲೂ ಹೆಚ್ಚೇನೂ ಕೇಳುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಕಪಾಟು ಹುಡುಕುವ ಅಗತ್ಯವೇ ಇಲ್ಲ. ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ಗೈಡ್ ಹೆಸರು ಹಾಕಿದರೆ ಅವರ ಕೈಯಲ್ಲಿ ಮುಗಿದ ಪ್ರಬಂಧಗಳು ವರ್ಷದ ಸಮೇತ ಬರುತ್ತವೆ.

ಸೆನೆಟ್ ದಾರಿ

ಸೆರಾಂಪೂರ್ ಕಾಲೇಜು ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಬಂಗಾಳದ ಹೂಗ್ಲಿ ನದಿಯ ದಂಡೆಯಲ್ಲಿ ಕಟ್ಟಿದ್ದು. ಆಗ ಆ ಊರು ಡೆನ್ಮಾರ್ಕಿನ ಕೈಯಲ್ಲಿತ್ತು. 1827ರಲ್ಲಿ ಅಲ್ಲಿನ ದೊರೆ ಆರನೆಯ ಫ್ರೆಡರಿಕ್ ಪದವಿ ಕೊಡುವ ಸನದು ಕೊಟ್ಟ. 1918ರ ಸೆರಾಂಪೂರ್ ಕಾಲೇಜು ಕಾಯ್ದೆಯಿಂದ ಸೆನೆಟ್ ಈಗಿನ ರೂಪಕ್ಕೆ ಬಂತು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು (ಕೆಟಿಸಿ), 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು (ಯುಟಿಸಿ), ಚೆನ್ನೈನ ಗುರುಕುಲ, ಮದುರೆಯ ತಮಿಳುನಾಡು ಥಿಯಲಾಜಿಕಲ್ ಸೆಮಿನರಿ, ಇವೆಲ್ಲ ಈ ಸೆನೆಟ್‌ಗೆ ಸೇರಿದವು. ಆದರೆ ಸೆನೆಟ್‌ಗೆ ಸೇರಿದ ಎಲ್ಲ ಕಾಲೇಜಿನಲ್ಲೂ ಡಾಕ್ಟರೇಟ್ ಇಲ್ಲ. ಬಿ.ಡಿ. ನಡೆಸುವ ಕಾಲೇಜು, ಎಂ.ಟಿಎಚ್. ನಡೆಸುವ ಕಾಲೇಜು, ಸಂಶೋಧನಾ ಕೇಂದ್ರ ಎಂದು ಮೆಟ್ಟಿಲುಗಳಿವೆ. ಎಂ.ಟಿಎಚ್. ಇಲ್ಲದೆ ಮೇಲಿನ ಮೆಟ್ಟಿಲಿಗೆ ಹೋಗಲಾಗದು.

ಈ ದಾರಿಯ ದೊಡ್ಡ ಅನುಕೂಲ ಎಂದರೆ ಪದವಿ ಕೊಡುವುದು ಕಾಲೇಜಲ್ಲ, ಸೆನೆಟ್. ನಿಮ್ಮ ಗೈಡ್ ಒಂದು ಸೆನೆಟ್ ಕಾಲೇಜಿನಿಂದ ಇನ್ನೊಂದಕ್ಕೆ ಹೋದರೂ ನೋಂದಣಿಯ ಮನೆ ಅದೇ. ಅವರನ್ನೇ ಮುಂದುವರಿಸಲು, ಅಥವಾ ಬೇರೆ ಕಾಲೇಜಿನವರನ್ನು ಜೊತೆಗೆ ಸೇರಿಸಿಕೊಳ್ಳಲು ಕೇಳುವುದಕ್ಕೆ ದಾರಿ ಉಂಟು. ಕೋಟ್ಟಯಂನ ಎಫ್‌ಎಫ್‌ಆರ್‌ಆರ್‌ಸಿ ಎಂಬ ಜಂಟಿ ಸಂಶೋಧನಾ ಕೇಂದ್ರ ಈ ತತ್ತ್ವದ ಮೇಲೆಯೇ ನಿಂತಿದೆ: ಆರ್ಥಡಾಕ್ಸ್, ಮಾರ್ತೋಮಾ, ಸಿಎಸ್‌ಐ ಮೂರು ಸೆಮಿನರಿಗಳು ಅಧ್ಯಾಪಕರನ್ನು ಒಟ್ಟುಗೂಡಿಸಿಕೊಂಡಿವೆ. ಒಂದೇ ಸೆಮಿನರಿಯಲ್ಲಿ ಒಬ್ಬರಿರುವ ವಿಷಯಕ್ಕೆ ಇಲ್ಲಿ ಎರಡನೆಯವರು ಸಿಗುತ್ತಾರೆ. ಸಣ್ಣ ವಿಭಾಗ ಆರಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಇನ್ನೊಂದು ಅನುಕೂಲ, ಗೈಡ್‌ಗೆ ಸಭೆ ಅಂದರೇನು ಎಂದು ವಿವರಿಸಬೇಕಿಲ್ಲ. ದಲಿತ ದೇವಶಾಸ್ತ್ರ, ಮಹಿಳಾ ಅಧ್ಯಯನ, ಧರ್ಮಗಳ ಅಧ್ಯಯನ, ಸಭಾಪಾಲನಾ ಸಮಾಲೋಚನೆ ಇವಕ್ಕೆಲ್ಲ ಇಲ್ಲಿ ಬೆಳೆದುಬಂದ ಒಂದು ಪರಂಪರೆಯೇ ಇದೆ.

ಎಡವುವುದು ಪದವಿ ಮುಗಿದ ಮೇಲೆ. ಸೆಮಿನರಿಯಲ್ಲಿ ಪಾಠ, ಸಭೆಯಲ್ಲಿ ಹೊಣೆ ಎಂದಾದರೆ ಸೆನೆಟ್ ಪದವಿಗೆ ಎಲ್ಲೂ ಪ್ರಶ್ನೆಯಿಲ್ಲ. ಸರ್ಕಾರಿ ಅಥವಾ ಅನುದಾನಿತ ಡಿಗ್ರಿ ಕಾಲೇಜಿನಲ್ಲಿ ಹುದ್ದೆ ಬೇಕು ಎಂಬ ಆಸೆ ಮನಸ್ಸಿನ ಮೂಲೆಯಲ್ಲಿದ್ದರೂ, ನೋಂದಣಿಗೆ ಮೊದಲೇ ಆ ವಿಶ್ವವಿದ್ಯಾಲಯದ ಕುಲಸಚಿವರಿಗೆ ಪತ್ರ ಬರೆದು, ಈ ಪದವಿಯನ್ನು ಸಮಾನವೆಂದು ಒಪ್ಪುತ್ತೀರಾ ಎಂದು ಲಿಖಿತ ಉತ್ತರ ಪಡೆಯಿರಿ. ‘ಒಪ್ಪುತ್ತಾರೆ ಬಿಡಿ’ ಎಂಬ ಬಾಯಿಮಾತು ಸಂದರ್ಶನದ ದಿನ ಕೆಲಸಕ್ಕೆ ಬರುವುದಿಲ್ಲ. 1970ರಲ್ಲಿ ಹುಟ್ಟಿದ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ನಿನ (ಎಟಿಎ) ಮಾನ್ಯತೆ ಇರುವ ಕಾಲೇಜುಗಳಿಗೂ ಇದೇ ಮಾತು. ಎಟಿಎ ಮಾನ್ಯತೆ ಎಂದರೆ ಸೆಮಿನರಿಗಳ ಲೋಕದೊಳಗಿನ ಗುಣಮಟ್ಟದ ಮುದ್ರೆ.

ಪೊಂಟಿಫಿಕಲ್ ಸಂಸ್ಥೆ

ಬೆಂಗಳೂರಿನ ಧರ್ಮಾರಾಂ ವಿದ್ಯಾ ಕ್ಷೇತ್ರಂ, ಪುಣೆಯ ಜ್ಞಾನ ದೀಪ, ದೆಹಲಿಯ ವಿದ್ಯಾಜ್ಯೋತಿ ಈ ಸಾಲಿನವು. ಇಲ್ಲಿ ನಿಯಮ ರೋಮಿನಿಂದ ಬರುತ್ತದೆ. 2017ರ ಡಿಸೆಂಬರ್ ತಾರೀಖಿನ ‘ವೆರಿತಾತಿಸ್ ಗೌದಿಯುಂ’ ಎಂಬ ಪ್ರೇಷಿತ ಸಂವಿಧಾನ ಮೂರು ಸುತ್ತುಗಳನ್ನು ಹೇಳುತ್ತದೆ. ಮೊದಲ ಸುತ್ತು ಐದು ವರ್ಷ (ತತ್ತ್ವಶಾಸ್ತ್ರ ಎರಡು ವರ್ಷ ಬೇರೆಯಾಗಿ ಓದಿದ್ದರೆ ಮೂರು), ಎರಡನೆಯದು ಲೈಸೆನ್ಷಿಯೇಟ್, ಎರಡು ವರ್ಷ. ಮೂರನೆಯದು ಡಾಕ್ಟರೇಟ್. ಲೈಸೆನ್ಷಿಯೇಟ್ ತಪ್ಪಿಸಿ ನೇರ ಜಿಗಿಯುವ ಹಾಗಿಲ್ಲ. ಬೇರೆ ಕಡೆ ಎಂ.ಟಿಎಚ್. ಮಾಡಿದವರು ತಮ್ಮದನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ಡೀನ್ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಗೈಡ್ ವಿಷಯದಲ್ಲಿ ಇಲ್ಲಿನ ವಿಶೇಷ ಒಂದಿದೆ. ವಿಶ್ವಾಸ ಮತ್ತು ನೀತಿಗೆ ಸಂಬಂಧಿಸಿದ್ದನ್ನು ಪಾಠ ಮಾಡುವವರು ಸಭೆಯ ಅಧಿಕೃತ ನಿಯೋಗ ಪಡೆದಿರಬೇಕು. ಹೀಗಾಗಿ ವಿವಾದದ ವಿಷಯ ಹಿಡಿದು ಹೋದರೆ ಗೈಡ್ ಒಂದೊಂದು ಪದವನ್ನೂ ತೂಗಿ ನೋಡುತ್ತಾರೆ. ಅದನ್ನು ಅಂಜಿಕೆ ಎಂದು ಎಣಿಸಬೇಡಿ. ಅವರ ಹುದ್ದೆಯ ಸ್ವರೂಪವೇ ಹಾಗೆ. ಆಕರಗಳನ್ನು ಮೂಲ ಭಾಷೆಯಲ್ಲೇ ಓದಬೇಕೆಂಬ ಹಟ ಇಲ್ಲಿ ಹೆಚ್ಚು. ಕ್ಯಾನನ್ ಕಾನೂನಿಗೆ (ಸಭೆಯ ಕಾನೂನು) ಲ್ಯಾಟಿನ್, ಬೈಬಲ್ ಅಧ್ಯಯನಕ್ಕೆ ಹೀಬ್ರೂ, ಗ್ರೀಕ್.

ಹಲವರು ಕೊನೆಗೆ ಬೆಚ್ಚಿಬೀಳುವ ಸಂಗತಿ ಮುದ್ರಣ. ವೈವಾ ಮುಗಿದರೆ ಆಗಲಿಲ್ಲ, ಮಹಾಪ್ರಬಂಧದ ಮುಖ್ಯ ಭಾಗವನ್ನಾದರೂ ಪ್ರಕಟಿಸಬೇಕು. ಅದರ ಖರ್ಚು, ಕರಡು ತಿದ್ದುವ ತಿಂಗಳುಗಳು, ಎರಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿಟ್ಟುಕೊಳ್ಳಿ.

ಸರ್ಕಾರಿ ವಿಶ್ವವಿದ್ಯಾಲಯ

ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ಇದೆ, ಮದ್ರಾಸ್ ವಿಶ್ವವಿದ್ಯಾಲಯದಲ್ಲೂ ಇದೆ. ಮಿಷನರಿಗಳ ಭಾಷಾಕೆಲಸದಂಥ ವಿಷಯವಾದರೆ ಕನ್ನಡ ಅಥವಾ ಇತಿಹಾಸ ವಿಭಾಗದಲ್ಲೂ ಮಾಡಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧವನ್ನು ಕನ್ನಡದಲ್ಲೇ ಬರೆಯುತ್ತಾರೆ. ಕ್ರೈಸ್ತರಲ್ಲದ ಸಂಶೋಧಕರಿಗೆ ಈ ದಾರಿಯೇ ಸಲೀಸು.

ನಾಲ್ಕು ದಾರಿಗಳಲ್ಲಿ ನಿಯಮ ಅತ್ಯಂತ ಸ್ಪಷ್ಟವಾಗಿರುವುದು ಇಲ್ಲೇ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿ. ಪ್ರೊಫೆಸರ್ ಒಮ್ಮೆಗೆ 8 ಜನರನ್ನು, ಅಸೋಸಿಯೇಟ್ 6 ಜನರನ್ನು, ಅಸಿಸ್ಟೆಂಟ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ಗೈಡ್ ಆಗಲು ಪಿಎಚ್‌.ಡಿ. ಜೊತೆಗೆ ಪ್ರೊಫೆಸರ್, ಅಸೋಸಿಯೇಟ್‌ಗಳಿಗೆ ಕನಿಷ್ಠ 5, ಅಸಿಸ್ಟೆಂಟ್‌ಗೆ ಕನಿಷ್ಠ 3 ಪರಿಶೀಲಿತ ಲೇಖನ ಬೇಕು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಈಗಾಗಲೇ ಇರುವವರನ್ನು ನಿವೃತ್ತಿಯ ಮೇಲೆ ಸಹ ಮಾರ್ಗದರ್ಶಕರಾಗಿ, 70 ವರ್ಷದ ತನಕ, ನೋಡಿಕೊಳ್ಳಬಹುದು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಗೈಡ್ ಒಬ್ಬರ ಮರ್ಜಿಯ ಮೇಲೆ ಎಲ್ಲವೂ ನಿಲ್ಲದಂತೆ ಕಾಯುವುದು ಈ ಸಮಿತಿಯೇ. ಹಾಗಾಗಿ ಅದರಲ್ಲಿ ಯಾರಿದ್ದಾರೆ ಎಂದು ತಿಳಿದಿರಲಿ.

ಇಲ್ಲಿನ ಕೊರತೆ ಬೇರೆ ಥರದ್ದು. ನಿಮ್ಮ ವಿಷಯ ಚೆನ್ನಾಗಿ ಗೊತ್ತಿರುವವರು ಸೆಮಿನರಿಯಲ್ಲಿರುತ್ತಾರೆ, ಗೈಡ್ ಆಗುವ ಅರ್ಹತೆ ಇರುವವರು ವಿಶ್ವವಿದ್ಯಾಲಯದಲ್ಲಿರುತ್ತಾರೆ. ಹೊರಗಿನವರು ಮುಖ್ಯ ಗೈಡ್ ಆಗುವಂತಿಲ್ಲ. ಆದರೆ ಬೇರೆ ಸಂಸ್ಥೆಯವರನ್ನು ಸಹ ಮಾರ್ಗದರ್ಶಕರಾಗಿ ಸೇರಿಸಲು ನಿಯಮದಲ್ಲೇ ಅವಕಾಶವಿದೆ, ವಿಶ್ವವಿದ್ಯಾಲಯ ಒಪ್ಪಬೇಕಷ್ಟೆ. ಸೆಮಿನರಿಯ ಅಧ್ಯಾಪಕರನ್ನು ‘ಸುಮ್ಮನೆ ಆಗಾಗ ನೋಡಿಕೊಡಿ ಸರ್’ ಎಂದು ಬಾಯಿಮಾತಿನಲ್ಲಿ ಕೇಳಬೇಡಿ. ನೋಂದಣಿಯ ಅರ್ಜಿಯಲ್ಲೇ ಅವರ ಹೆಸರು ಹೋಗಲಿ. ಹೆಸರಿಲ್ಲದ ಸಹಾಯ ಮೊದಲ ವರ್ಷ ದಂಡಿಯಾಗಿ ಸಿಗುತ್ತದೆ, ಮೂರನೆಯ ವರ್ಷ ಬತ್ತಿರುತ್ತದೆ.

ಹಣದ ದೃಷ್ಟಿಯಿಂದ ಒಂದು ಮಾತು. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಎಂಬ ವಿಷಯವಿದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ವೇತನ) ಬಂದು ಪೂರ್ಣಾವಧಿ ಸೇರಿದರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ.

ಸಭಾಪಾಲಕರು ಪಾರ್ಟ್‌ಟೈಮ್ ಸೇರಬಹುದು, ಆದರೆ ನಿರಾಕ್ಷೇಪಣಾ ಪತ್ರ ಬೇಕು: ಉದ್ಯೋಗದಾತರು ಅನುಮತಿ ಕೊಟ್ಟಿದ್ದಾರೆ, ಓದಲು ಸಮಯವಿದೆ, ಕೋರ್ಸ್‌ವರ್ಕ್‌ಗೆ ಬೇಕಾದರೆ ಬಿಡುಗಡೆ ಮಾಡುತ್ತಾರೆ ಎಂದು. ಸಭಾಪಾಲಕರ ಉದ್ಯೋಗದಾತರು ಯಾರು? ಸ್ಥಳೀಯ ಸಭೆಯ ಕಮಿಟಿ ಬರೆದುಕೊಟ್ಟ ಪತ್ರ ವಾಪಸ್ ಬರುವುದು ಇಲ್ಲಿಯೇ. ಸಂಬಳ ಮತ್ತು ವರ್ಗಾವಣೆ ಯಾರ ಕೈಯಲ್ಲಿದೆಯೋ ಆ ಕಚೇರಿಯ, ಅಂದರೆ ಸಭಾಪ್ರಾಂತ್ಯದ ಮೊಹರು ಇರಬೇಕು.

ಬ್ರಿಟನ್ನಿನ ಪಾರ್ಟ್‌ಟೈಮ್ ಪಿಎಚ್‌.ಡಿ.

ಊರಲ್ಲೇ ಇದ್ದು, ವರ್ಷಕ್ಕೆ ಕೆಲವು ವಾರ ಅಲ್ಲಿಗೆ ಹೋಗಿ ಬಂದು ಆರೇಳು ವರ್ಷದಲ್ಲಿ ಮುಗಿಸುವ ವ್ಯವಸ್ಥೆ. ಸಾಮಾನ್ಯವಾಗಿ ಇಬ್ಬರು ಮಾರ್ಗದರ್ಶಕರು. ಪ್ರತಿ ಭೇಟಿಯಲ್ಲಿ ಏನು ಮಾತಾಯಿತು ಎಂಬ ದಾಖಲೆ ಇಡುವ ರೂಢಿ ಗಟ್ಟಿ. ಮೊದಲ ಹಂತದಲ್ಲೇ ಒಂದು ಪರಿಶೀಲನೆ, ಅದು ದಾಟಿದರೆ ಮಾತ್ರ ಪಿಎಚ್‌.ಡಿ. ಪ್ರಬಂಧ ಸಾಮಾನ್ಯವಾಗಿ 80,000ದಿಂದ 1,00,000 ಪದ. ನಮ್ಮಲ್ಲಿ ಗೈಡ್ ಸ್ವತಃ ಮೌಲ್ಯಮಾಪಕರಲ್ಲಿ ಒಬ್ಬರು, ವೈವಾ ಮಂಡಳಿಯಲ್ಲೂ ಕೂರುತ್ತಾರೆ. ಅಲ್ಲಿ ಅಂಕ ಹಾಕುವವರು ಬೇರೆ, ಒಬ್ಬ ಒಳಗಿನ ಪರೀಕ್ಷಕ, ಒಬ್ಬ ಹೊರಗಿನ ಪರೀಕ್ಷಕ. ನಮ್ಮ ಗೈಡ್ ಮೆಚ್ಚಿದರೆ ಅರ್ಧ ಹೊಳೆ ದಾಟಿದ ಹಾಗೆ; ಅಲ್ಲಿ ಗೈಡ್ ಮೆಚ್ಚಿದ ಮೇಲೂ ಹೊಳೆ ಹಾಗೇ ಮುಂದಿರುತ್ತದೆ.

ಒಂದು ಎಚ್ಚರ: ಸಂಸ್ಥೆ ಇರುವ ಊರಿನ ಹೆಸರು, ಪದವಿಪತ್ರದ ಮೇಲಿನ ವಿಶ್ವವಿದ್ಯಾಲಯದ ಹೆಸರು ಒಂದೇ ಆಗಿರಬೇಕೆಂದಿಲ್ಲ. ಪದವಿ ಕೊಡುವವರು ಯಾರು ಎಂದು ಮೊದಲ ಪತ್ರದಲ್ಲೇ ಕೇಳಿ. ಇನ್ನೊಂದು, ಕನ್ನಡ ಓದುವ ಮಾರ್ಗದರ್ಶಕರು ಅಲ್ಲಿ ಸಿಗುವುದು ಕನಸು. ನಿಮ್ಮ ಆಕರಗಳು ಕನ್ನಡದ್ದಾದರೆ ನೀವು ಮಾಡಿದ ಅನುವಾದವನ್ನೇ ಅವರು ನಂಬಬೇಕು, ತಪ್ಪಿದ್ದರೆ ಹಿಡಿಯುವವರಿಲ್ಲ. ಲಂಡನ್ ಮಿಷನ್ ಮತ್ತು ಮೆಥಡಿಸ್ಟ್ ಮಿಷನ್ನಿನ ಕಾಗದಪತ್ರಗಳು ಲಂಡನ್ನಿನ ಸೋಆಸ್ ಲೈಬ್ರರಿಯಲ್ಲಿವೆ. ಬಳ್ಳಾರಿ, ಬೆಂಗಳೂರು, ಮೈಸೂರು, ಗುಬ್ಬಿ ಕಡೆಯ ಸಭೆಗಳ ಚರಿತ್ರೆ ಬರೆಯುವವರಿಗೆ ಈ ದಾರಿಯ ನಿಜವಾದ ಲಾಭ ಅದು.

ವಿಷಯ ಇಟ್ಟುಕೊಂಡು ತೂಗಿದರೆ

ಉದಾಹರಣೆಗೆ, 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ತೆರೆದ ಹಂಚಿನ ಕಾರ್ಖಾನೆಯ ಕೆಲಸಗಾರರ ಸಭಾಜೀವನ ನಿಮ್ಮ ವಿಷಯ ಎಂದುಕೊಳ್ಳೋಣ. ಬಲ್ಮಠದಲ್ಲಿ ಕೆಟಿಸಿಯ ಪತ್ರಾಗಾರ ಇದೆ. ಆದರೆ ಮಿಷನರಿಗಳು ಊರಿಗೆ ಬರೆದ ವರದಿ, ಕಾಗದಗಳ ಮುಖ್ಯ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ, ಕೈಬರಹ ಹಳೆಯ ಜರ್ಮನ್ ಲಿಪಿ, ಕುರೆಂಟ್. ಅದರಲ್ಲಿ ಇಂಗ್ಲಿಷಿನ ಸಣ್ಣ ‘ಇ’ ಅಕ್ಷರ ನೋಡಲು ‘ಎನ್’ ಥರ ಇರುತ್ತದೆ. ಇವತ್ತಿನ ಜರ್ಮನ್ ಸರಾಗವಾಗಿ ಓದುವವರೂ ಮೊದಲ ಪುಟದಲ್ಲಿ ತಡವರಿಸುತ್ತಾರೆ. ಬಾಸೆಲ್ ಪತ್ರಾಗಾರದ ಒಂದು ಪುಟದ ಪ್ರತಿ ತೆಗೆದುಕೊಂಡು ಹೋಗಿ ಗೈಡ್ ಮುಂದಿಡಿ. ಅವರು ಓದಿದರೆ ಭಾಗ್ಯ. ‘ಇದನ್ನು ನಾನು ಓದಲಾರೆ, ಓದುವವರನ್ನು ಜೊತೆಗೆ ಸೇರಿಸೋಣ’ ಎಂದರೂ ಒಳ್ಳೆಯ ಗೈಡ್. ‘ಇಂಗ್ಲಿಷಿನ ವಾರ್ಷಿಕ ವರದಿ ಸಾಕು ಬಿಡಿ’ ಎಂದರೆ ಬೇರೆ ಕಡೆ ನೋಡಿ. ಏಕೆಂದರೆ ವಾರ್ಷಿಕ ವರದಿ ದೇಣಿಗೆದಾರರಿಗೆಂದು ಬರೆದದ್ದು. ಕಾರ್ಖಾನೆಯ ಜಗಳ, ಸಭೆಯಿಂದ ಹೊರಹಾಕಿದ ಪ್ರಕರಣ ಇವೆಲ್ಲ ಕೈಬರಹದಲ್ಲಿ ಸಿಗುವ ಸಾಧ್ಯತೆಯೇ ಹೆಚ್ಚು. ಕೆಲಸಗಾರರ ಮನೆಮಾತು ತುಳು ಎಂಬುದನ್ನೂ ಮರೆಯುವ ಹಾಗಿಲ್ಲ. ಇಂಥ ವಿಷಯಕ್ಕೆ ಸೆನೆಟ್ ದಾರಿ, ಜೊತೆಗೆ ಜರ್ಮನ್ ಬಲ್ಲ ಸಹ ಮಾರ್ಗದರ್ಶಕರು, ಇದು ನಮ್ಮ ಮತ.

ಸತ್ಯವೇದದ (ಬೈಬಲಿನ) ಕನ್ನಡ ಅನುವಾದ ನಿಮ್ಮ ವಿಷಯವಾದರೆ ಲೆಕ್ಕ ಬದಲಾಗುತ್ತದೆ. ‘ಬ್ಯಾಪ್ಟಿಸಂ’ಗೆ ದೀಕ್ಷಾಸ್ನಾನವೋ ಜ್ಞಾನಸ್ನಾನವೋ ಎಂಬ ಒಂದೇ ಪದದ ಚರ್ಚೆಗೆ ಗ್ರೀಕ್ ಬೇಕು, ಪ್ರಾಟೆಸ್ಟೆಂಟ್ ಮತ್ತು ಕಥೋಲಿಕ ಎರಡೂ ಕಡೆಯ ಪ್ರಾರ್ಥನಾ ಪುಸ್ತಕಗಳ ಪರಿಚಯ ಬೇಕು, ಹತ್ತೊಂಬತ್ತನೆಯ ಶತಮಾನದ ಕನ್ನಡವೂ ಬೇಕು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ, ಅದಕ್ಕೂ ಮುಂಚಿನ ಪದಗಳ ಅರ್ಥಕ್ಕೆ ಅದೊಂದೇ ಸಾಲದು. ಒಬ್ಬರಲ್ಲೇ ಇದೆಲ್ಲ ಸಿಗದು. ಸರ್ಕಾರಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಗೈಡ್, ಸೆಮಿನರಿಯ ಹೊಸ ಒಡಂಬಡಿಕೆಯ ಅಧ್ಯಾಪಕರು ಸಹ ಮಾರ್ಗದರ್ಶಕರು, ಈ ಜೋಡಿ ಇಲ್ಲಿ ಗಟ್ಟಿ.

ಬೀದರ್ ಕಡೆಯ ದಲಿತ ಕ್ರೈಸ್ತ ಸಭೆಗಳ ಕ್ಷೇತ್ರಕಾರ್ಯವಾದರೆ ಗೈಡ್ ಸಮಾಜಶಾಸ್ತ್ರದ ವಿಧಾನ ಬಲ್ಲವರಾಗಿರಬೇಕು. ಮಾತಾಡಿದವರ ಹೆಸರು, ಹಳ್ಳಿ ಮುಚ್ಚಿಡುವ ಬಗೆಯನ್ನು ಮೊದಲ ದಿನವೇ ತೀರ್ಮಾನಿಸುವವರಾಗಿರಬೇಕು. ಜಾತಿ ಪ್ರಮಾಣಪತ್ರ ಒಂದು, ದೀಕ್ಷಾಸ್ನಾನದ ದಾಖಲೆ ಇನ್ನೊಂದು ಎಂಬ ಸ್ಥಿತಿಯಲ್ಲಿರುವ ಕುಟುಂಬಗಳಿಗೆ ನಿಮ್ಮ ಪ್ರಬಂಧದ ಅಡಿಟಿಪ್ಪಣಿ ತೊಂದರೆ ತರಬಾರದು.

ಗೈಡ್‌ಗೆ ಮೊದಲ ಪತ್ರ

ಒಂದು ಪುಟ ಸಾಕು. ಅವರ ಯಾವ ಲೇಖನ ಓದಿದ್ದೀರಿ, ಅದರ ಯಾವ ಮಾತು ನಿಮ್ಮ ಪ್ರಶ್ನೆಗೆ ತಾಗುತ್ತದೆ ಎಂದು ಎರಡು ವಾಕ್ಯ. ನಿಮ್ಮ ಪ್ರಶ್ನೆ ಒಂದು ವಾಕ್ಯದಲ್ಲಿ. ಆಕರ ಎಲ್ಲಿದೆ, ನೋಡಿದ್ದೀರಾ ಇಲ್ಲವಾ. ಯಾವ ಭಾಷೆ ಓದಲು ಬರುತ್ತದೆ, ನಿಘಂಟು ಹಿಡಿದು ಓದುವುದೋ ಸರಾಗವೋ. ಜೊತೆಗೆ ಎಂ.ಟಿಎಚ್. ಪ್ರಬಂಧದ ಒಂದು ಅಧ್ಯಾಯ, ಇಡೀ ಪ್ರಬಂಧ ಬೇಡ. ಶೀರ್ಷಿಕೆಯನ್ನು ಈಗಲೇ ಚಂದ ಮಾಡಲು ಹೋಗಬೇಡಿ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗಾಗುತ್ತದೆ. ‘ಕರ್ನಾಟಕದಲ್ಲಿ ಕ್ರೈಸ್ತ ಸಭೆ: ಒಂದು ಅಧ್ಯಯನ’ ಎಂಬಂಥದ್ದನ್ನು ಕಂಡರೆ ಅನುಭವಿ ಗೈಡ್ ಪತ್ರವನ್ನು ಪಕ್ಕಕ್ಕಿಡುತ್ತಾರೆ.

ಎದುರು ಕೂತಾಗ ಕೇಳಬೇಕಾದ್ದು: ಈಗ ತಮ್ಮ ಬಳಿ ಎಷ್ಟು ಜನ ಇದ್ದಾರೆ, ಅವರಲ್ಲಿ ಬರೆಯುವ ಹಂತದಲ್ಲಿ ಎಷ್ಟು ಮಂದಿ, ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್, ರಜೆ ಅಥವಾ ವಿದೇಶ ಪ್ರಯಾಣ ಯಾವಾಗ, ತಾವಿಲ್ಲದಾಗ ಯಾರು. ಹತ್ತು ಸಾವಿರ ಪದದ ಅಧ್ಯಾಯಕ್ಕೆ ಮೂರರಿಂದ ನಾಲ್ಕು ವಾರ ನ್ಯಾಯವಾದ ಅವಧಿ. ‘ಯಾವಾಗ ಬೇಕಾದರೂ ಬನ್ನಿ’ ಎನ್ನುವವರಿಗಿಂತ ‘ತಿಂಗಳ ಎರಡನೆಯ ಗುರುವಾರ, ಒಂದು ಗಂಟೆ’ ಎನ್ನುವವರು ಮೇಲು. ಅವರ ಈಗಿನ ವಿದ್ಯಾರ್ಥಿಯೊಬ್ಬರ ಜೊತೆ ಕ್ಯಾಂಟೀನಿನಲ್ಲಿ ಕೂತು ಇದೇ ಪ್ರಶ್ನೆ ಕೇಳಿ, ಉತ್ತರ ಹೊಂದುತ್ತದಾ ನೋಡಿ.

ಎಲ್ಲಿ ಕೆಡುತ್ತದೆ

ಕನ್ನಡದಲ್ಲಿ ಬರೆಯುವವರಿಗೆ ಮೊದಲ ಕಂಟಕ ಫಾಂಟು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕೃತಿಚೌರ್ಯ ತಪಾಸಣೆಯ ಸಾಫ್ಟ್‌ವೇರ್ ಓದಲಾರದು, ಅದಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಮೊದಲ ದಿನದಿಂದ ಯೂನಿಕೋಡ್. ಯುಜಿಸಿಯ 2018ರ ನಿಯಮದಂತೆ ಶೇ. 10ರ ತನಕದ ಹೋಲಿಕೆಗೆ ದಂಡವಿಲ್ಲ. 10ರಿಂದ 40ರೊಳಗೆ ಬಂದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಬೈಬಲ್ ವಚನಗಳಿಂದ ಈ ಅಂಕಿ ಏರಿ ಗಾಬರಿಯಾಗುವವರಿದ್ದಾರೆ. ಉದ್ಧರಣ ಚಿಹ್ನೆಯೊಳಗೆ, ಆಕರ ಸಮೇತ ಕೊಟ್ಟ ವಚನ ಲೆಕ್ಕಕ್ಕೆ ಬರುವುದಿಲ್ಲ. ಚಿಹ್ನೆ ಹಾಕದೆ ವಾಕ್ಯದೊಳಗೆ ಬೆರೆಸಿದ್ದರೆ ಬರುತ್ತದೆ.

ಪಾರ್ಟ್‌ಟೈಮ್ ಸಭಾಪಾಲಕರು ವರ್ಷಕ್ಕೆ ಹನ್ನೆರಡು ತಿಂಗಳೆಂದು ಯೋಜನೆ ಹಾಕುತ್ತಾರೆ. ಡಿಸೆಂಬರ್ ತೆಗೆಯಿರಿ, ಲೆಂಟ್‌ನಿಂದ ಈಸ್ಟರ್ ತನಕ ತೆಗೆಯಿರಿ, ಸುಗ್ಗಿ ಹಬ್ಬ, ಮದುವೆಗಳ ಕಾಲ ತೆಗೆಯಿರಿ. ಬರೆಯಲು ಉಳಿಯುವುದು ಏಳು ತಿಂಗಳು. ಗೈಡ್ ಕೂಡ ಸಭಾಪಾಲಕರಾದರೆ ಅವರ ಏಳು ತಿಂಗಳೂ ಅವೇ, ಇದೊಂದು ಅನುಕೂಲವೇ ಸರಿ.

ಇನ್ನು ಗೈಡ್ ಹೊರಟೇಹೋದರೆ. ವರ್ಗಾವಣೆಯ ಸುದ್ದಿ ಬಂದ ವಾರವೇ, ಅವರು ಪೆಟ್ಟಿಗೆ ಕಟ್ಟುವ ಮೊದಲು, ಅವರಿಂದ ಮೂರು ಕಾಗದ ಪಡೆಯಿರಿ: ಇಲ್ಲಿಯವರೆಗಿನ ಪ್ರಗತಿಯ ಬಗ್ಗೆ ಸಹಿ ಮಾಡಿದ ಟಿಪ್ಪಣಿ, ಯಾವ ಅಧ್ಯಾಯಗಳನ್ನು ಒಪ್ಪಿದ್ದಾರೆ ಎಂಬ ಪಟ್ಟಿ, ಬದಲಿ ಗೈಡ್‌ಗೆ ತಮ್ಮ ಆಕ್ಷೇಪವಿಲ್ಲ ಎಂಬ ಪತ್ರ. ಬದಲಾವಣೆಯ ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು, ಪ್ರತಿಯೊಂದು ನಿಮ್ಮಲ್ಲಿರಲಿ. ಹೊಸ ಗೈಡ್‌ಗೆ ಅಧ್ಯಾಯಗಳನ್ನು ಕೊಡುವಾಗ ತಿದ್ದಿ ಶುದ್ಧ ಮಾಡಿದ ಪ್ರತಿ ಮಾತ್ರ ಕೊಡಬೇಡಿ. ಹಳೆಯ ಗೈಡ್ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ಪುಟಗಳನ್ನೂ ಜೊತೆಗಿಡಿ. ಇಲ್ಲದಿದ್ದರೆ ಎರಡು ವರ್ಷದ ಹಿಂದೆ ಒಪ್ಪಿಗೆಯಾದ ಎರಡನೆಯ ಅಧ್ಯಾಯ ಮತ್ತೆ ಮೊದಲ ವಾಕ್ಯದಿಂದ ಶುರುವಾಗುತ್ತದೆ.